ಹತ್ತಿರ ಬಂದರೆ ಇಳಿಯುವ ಸ್ವರ

ವೈಯಾಲಿಕಾವಲ್,
24 ಆಗಸ್ಟ್ 1954

ಗಿರಿಜಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸವಿದೆ ಎಂದು. ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಫಿಸಿಕ್ಸ್ ಬೇಕು.

ನಮ್ಮಣ್ಣ ರಾಮಸ್ವಾಮಿ ಯುದ್ಧದಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದವನು, ನಿನಗೆ ಗೊತ್ತು. ಈಗ ರೇಡಿಯೋ ರಿಪೇರಿ. ಮಿಲಿಟರಿಯವರು ಹರಾಜು ಹಾಕಿದ ವಾಲ್ವುಗಳನ್ನು ತಂದು ಒಂದು ಪೆಟ್ಟಿಗೆ ಮಾಡಿದ್ದಾನೆ. ಮೇಲೊಂದು ತಾಮ್ರದ ಸರಳು. ಅದನ್ನು ಮುಟ್ಟುವುದೇ ಬೇಡ. ಹತ್ತಿರ ಹೋದರೆ ಲೌಡ್‌ಸ್ಪೀಕರಿನಲ್ಲಿ ಸ್ವರ ಏರುತ್ತದೆ, ಹಿಂದೆ ಸರಿದರೆ ಇಳಿಯುತ್ತದೆ. ಮುಚ್ಚಿದ ಮುಷ್ಟಿಯನ್ನು ಹೂವಿನ ಹಾಗೆ ಬಿಚ್ಚಿದರೆ ಅಷ್ಟಕ್ಕೇ ಒಂದು ಸ್ವರ ಮೇಲೆ. ನೆಲಕ್ಕೆ ಎಷ್ಟು ಜೋರಾಗಿ ಹೆಜ್ಜೆ ತಟ್ಟಿದರೂ ಅದಕ್ಕೆ ಲೆಕ್ಕವಿಲ್ಲ; ನಾನು ಎಷ್ಟು ಹತ್ತಿರ ಇದ್ದೇನೆ ಅನ್ನುವುದೊಂದೇ ಅದಕ್ಕೆ ತಿಳಿಯುವುದು. ಇಷ್ಟು ವರ್ಷ ಹಾಡು ಬಂತು, ನಾನು ಕುಣಿದೆ. ಈಗ ನಾನು ಕುಣಿದರೆ ಹಾಡು ಬರುತ್ತದೆ. ನಮ್ಮ ನಾಟ್ಯದ ಮೇಷ್ಟ್ರು ಬಂದು ಪೂರ್ತಿ ನೋಡಿ, "ಇದು ನಾಟ್ಯಾನೂ ಅಲ್ಲ, ಸಂಗೀತಾನೂ ಅಲ್ಲಮ್ಮ, ಬರೀ ಕರೆಂಟು" ಅಂದು ಕಾಫಿ ಕುಡಿದು ಹೋದರು.

ಸಂಕ್ರಾಂತಿ ಕಳೆದ ಮೇಲೆ ಮಲ್ಲೇಶ್ವರದ ಒಂದು ಸಣ್ಣ ಹಾಲ್‌ನಲ್ಲಿ ಇದನ್ನು ಜನರ ಮುಂದೆ ಕುಣಿಯಬೇಕೆಂದಿದ್ದೇನೆ. ತೊಂದರೆ ಏನೆಂದರೆ, ಕೆಲವು ದಿನ ಎಲ್ಲ ಸರಿ ಇರುತ್ತದೆ. ಕೆಲವು ದಿನ ಅದೇ ಜಾಗದಲ್ಲಿ ನಿಂತರೂ ಬೇರೆ ಸ್ವರ. ಅಣ್ಣ ಮಳೆಯಿಂದ ಅನ್ನುತ್ತಾನೆ. ಮಳೆ ಇಲ್ಲದ ದಿನವೂ ಹೀಗಾಗಿದೆ. ಯೋಚಿಸಿ ಬರಿ.

ಕೋಕಿಲಾ


ಚಾಮರಾಜಪೇಟೆ,
29 ಆಗಸ್ಟ್ 1954

ಕೋಕಿಲಾ,

ನಿನ್ನ ಕಾಗದ ಬಂದಾಗ ಅತ್ತೆಯವರು ಒಡೆಯದೆ ನನ್ನ ಕೈಗೇ ಕೊಟ್ಟರು. ಒಡೆದಿದ್ದರೂ ಅವರಿಗೆ ಏನೂ ಅರ್ಥವಾಗುತ್ತಿರಲಿಲ್ಲ.

ನನಗೆ ತಿಳಿದಂತೆ ಹೇಳುತ್ತೇನೆ. ನಿಮ್ಮಣ್ಣನ ಪೆಟ್ಟಿಗೆಯಲ್ಲಿ ಎರಡು ಕಂಪನ ಇರಬೇಕು. ಎರಡೂ ನಮ್ಮ ಕಿವಿಗೆ ಸಿಗದಷ್ಟು ವೇಗದವು. ಎರಡು ತಂಬೂರಿಗಳ ಶ್ರುತಿ ಇನ್ನೇನು ಸೇರಬೇಕು ಅನ್ನುವಾಗ ನಡುವೆ ಒಂದು ಅಲೆ ಏಳುತ್ತದಲ್ಲ, ಹಾಗೆ ಅವೆರಡರ ಅಂತರ ಮಾತ್ರ ನಮಗೆ ಕೇಳಿಸುತ್ತದೆ. ನೀನು ಸರಳಿನ ಹತ್ತಿರ ಬಂದರೆ ಒಂದು ಕಂಪನ ಸ್ವಲ್ಪ ನಿಧಾನವಾಗುತ್ತದೆ, ಅಂತರ ಬದಲಾಗುತ್ತದೆ. ನಿನ್ನ ಮೈ ಮಾತ್ರವಲ್ಲ, ಹತ್ತಿರವಿರುವ ಯಾವುದೇ ಲೋಹವೂ ಆ ಕೆಲಸ ಮಾಡಬಹುದು. ಆದ್ದರಿಂದ ಕೇಳುತ್ತೇನೆ: ಕೆಟ್ಟ ದಿನಗಳಲ್ಲಿ ಬೇರೆ ಏನಿರುತ್ತದೆ? ಕೋಣೆಯಲ್ಲಿ ಯಾರು ಕೂತಿರುತ್ತಾರೆ? ನೀನು ಏನು ಉಟ್ಟಿರುತ್ತೀಯ?

ನನ್ನ ಸಮಾಚಾರ. ಹೆಣ್ಣು ಮಗು, ಸರ್ವಮಂಗಳಾ, ಆರು ತಿಂಗಳು. ಬೆಳ್ಳಗೆ ಗುಂಡಗೆ ಇದ್ದಾಳೆ. ನನಗೆ ನಿದ್ದೆ ಇಲ್ಲ. ಮಗು ಮಲಗಿದರೆ ಬೇರೆ ತಾಯಂದಿರು ಮನೆಯವರಿಗೆಲ್ಲ ಸದ್ದು ಮಾಡಬೇಡಿ ಅನ್ನುತ್ತಾರೆ. ನಾನು ಇವಳು ಮಲಗಿದಾಗ ಬಾಗಿಲು ಬಡಿದು ನೋಡುತ್ತೇನೆ. ಏಳುವುದಿಲ್ಲ. ಕರೆದರೆ ತಿರುಗುವುದಿಲ್ಲ. ಆದರೆ ಮಾವನವರು ಕಾಟನ್‌ಪೇಟೆಯ ಬಟ್ಟೆ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲೇ "ಏನವ್ವಾ" ಅಂದರೆ ಕೈಕಾಲು ಬಡಿಯುತ್ತಾಳೆ. ಸಂಜೆ ಪೂಜೆಯ ಗಂಟೆ ಬಾರಿಸಿದರೆ ಥಟ್ಟನೆ ತಿರುಗುತ್ತಾಳೆ. ಅತ್ತೆಯವರು ದಿನಾ ಅದನ್ನೇ ತೋರಿಸಿ, "ಕಿವಿ ನೆಟ್ಟಗಿದೆ ಕಣೇ. ತಾತನ ಕಂಡ್ರೆ ಪ್ರೀತಿ, ನಿನ್ನ ಕಂಡ್ರೆ ಸದರ, ಅಷ್ಟೆ" ಅನ್ನುತ್ತಾರೆ. ಇರಬಹುದು. ನನಗೆ ಹಾಗನ್ನಿಸುವುದಿಲ್ಲ.

ನಿಮ್ಮ ತಾಯಿಗೆ ನನ್ನ ನಮಸ್ಕಾರ.

ಗಿರಿಜಾ


ವೈಯಾಲಿಕಾವಲ್,
11 ಸೆಪ್ಟೆಂಬರ್ 1954

ಗಿರಿಜಾ,

ನೀನು ರಾಕ್ಷಸಿ. ನಿನ್ನ ಪ್ರಶ್ನೆ ಕೈಯಲ್ಲಿ ಹಿಡಿದು ದಿನಾ ಬರೆದಿಟ್ಟೆ. ಕೆಡುವುದು ಶುಕ್ರವಾರ. ಶುಕ್ರವಾರ ಅಮ್ಮನ ಪೂಜೆಗೆ ಜರಿ ಸೀರೆ ಉಡುತ್ತೇನೆ, ಅದನ್ನು ಬಿಚ್ಚುವ ಸೋಮಾರಿತನಕ್ಕೆ ಅದರಲ್ಲೇ ಅಭ್ಯಾಸ. ಅಂಗೈ ಅಗಲದ ಜರಿಯಂಚು, ಸೆರಗಿನ ತುಂಬ ಬೆಳ್ಳಿ ನೂಲು. ಅಣ್ಣನಿಗೆ ಹೇಳಿದೆ. ಅವನು ಸೀರೆಯನ್ನೇ ಒಂದು ಕೋಲಿಗೆ ಹಾಕಿ ಸರಳಿನ ಹತ್ತಿರ ಬೀಸಿದ. ಪೆಟ್ಟಿಗೆ ಕೂಗಿಕೊಂಡಿತು. ಅಮ್ಮ ಒಳಗಿನಿಂದ ಓಡಿ ಬಂದು, "ಅಯ್ಯೋ, ಅದು ನನ್ನ ಮದುವೆ ಸೀರೆ ಕಣೋ!" ಅಂತ ಕಿತ್ತುಕೊಂಡು ಹೋದರು.

ಇನ್ನು ಮೇಲೆ ಹತ್ತಿ ಸೀರೆ, ಹಾಲ್‌ನಲ್ಲೂ ಹತ್ತಿ ಸೀರೆ. ನೋಡಲು ಬಂದವರು ಇವಳಿಗೇನು ಗತಿಯಿಲ್ಲವೇ ಅಂದುಕೊಳ್ಳಲಿ.

ಮಗುವಿನ ವಿಷಯ ಏನು ಬರೆಯಬೇಕೋ ತಿಳಿಯಲಿಲ್ಲ. ಗಂಟೆಗೆ ತಿರುಗುತ್ತಾಳೆ ಅಂದಮೇಲೆ ಸರಿ ಇರಬೇಕಲ್ಲವೇ?

ಕೋಕಿಲಾ


ಚಾಮರಾಜಪೇಟೆ,
20 ಸೆಪ್ಟೆಂಬರ್ 1954

ಕೋಕಿಲಾ,

ನಿನ್ನ ಶುಕ್ರವಾರದ ಸೀರೆ ನನ್ನ ತಲೆಯಲ್ಲಿ ಕೂತಿತು. ಗಂಟೆಯ ಜೊತೆ ಬೇರೆ ಏನಿರುತ್ತದೆ ಎಂದು ನಾನು ಇಷ್ಟು ದಿನ ಕೇಳಿಕೊಂಡೇ ಇರಲಿಲ್ಲ.

ಕರ್ಪೂರ ಇರುತ್ತದೆ. ನಮ್ಮಲ್ಲಿ ಮಂಗಳಾರತಿ ಇಲ್ಲದೆ ಯಾರೂ ಗಂಟೆ ಬಾರಿಸುವುದಿಲ್ಲ. ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಉರಿ.

ಮೊನ್ನೆ ಅತ್ತೆಯವರು ತ್ಯಾಗರಾಜನಗರಕ್ಕೆ ನೆಂಟರ ಮನೆಗೆ ಹೋಗಿದ್ದರು. ಮಧ್ಯಾಹ್ನ ಮಗುವನ್ನು ಎಂದಿನ ಜಾಗದಲ್ಲಿ ಚಾಪೆಯ ಮೇಲೆ ಕೂರಿಸಿ, ದಿಂಬು ಒತ್ತು ಕೊಟ್ಟು, ಕರ್ಪೂರ ಹಚ್ಚದೆ ಅವಳ ಬೆನ್ನ ಹಿಂದೆ ಗಂಟೆ ಬಾರಿಸಿದೆ. ಅವಳು ತನ್ನ ಕಾಲ್ಬೆರಳು ಹಿಡಿದು ಎಳೆಯುತ್ತಿದ್ದಳು. ಎಳೆಯುತ್ತಲೇ ಇದ್ದಳು. ಪಕ್ಕದ ಮನೆಯ ಸುಬ್ಬಮ್ಮನವರು ಗೋಡೆಯ ಆಚೆಯಿಂದ, "ಏನ್ ಗಿರಿಜಮ್ಮ, ಹೊತ್ತಲ್ಲದ ಹೊತ್ತಲ್ಲಿ ಪೂಜೆ?" ಅಂದರು. ಅವರಿಗೆ ಕೇಳಿಸಿತು. ಆಮೇಲೆ ಗಂಟೆ ಮುಟ್ಟದೆ ಕರ್ಪೂರ ಮಾತ್ರ ಹಚ್ಚಿದೆ. ಗೋಡೆಯ ಮೇಲೆ ಬೆಳಕು ಆಡಿತು. ಥಟ್ಟನೆ ತಿರುಗಿ ನಕ್ಕಳು.

ನಗುವ ಮಗುವನ್ನು ನೋಡಿ ನಾನು ಏನು ಮಾಡಬೇಕಿತ್ತೋ ಗೊತ್ತಿಲ್ಲ. ಎತ್ತಿಕೊಂಡೆ.

ಆದರೂ ಮಾವನವರ ದನಿಗೆ ಕೈಕಾಲು ಬಡಿಯುತ್ತಾಳಲ್ಲ, ಅದು ಹೇಗೆ? ಬೆನ್ನು ಮಾಡಿದ್ದಾಗಲೂ ಬಡಿದದ್ದನ್ನು ನೋಡಿದ್ದೇನೆ. ಪೂರ್ತಿ ಕೇಳಿಸುವುದಿಲ್ಲ ಎಂದರೆ ಅದು ಸರಿಹೋಗುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಮನೆಯಲ್ಲಿ ಒಬ್ಬರಾದರೂ ನಂಬಬೇಕು. ಮಾತು ಕಲಿಯುವ ವಯಸ್ಸು ಬಂದು ಹೋಗಿಬಿಟ್ಟರೆ ಆಮೇಲೆ ನಂಬಿ ಏನು ಪ್ರಯೋಜನ?

ನಿನ್ನ ಪೆಟ್ಟಿಗೆ ಬೇಕು. ಅದರಲ್ಲಿ ಬೆಳಕಿಲ್ಲ, ಗಾಳಿ ಬೀಸುವುದಿಲ್ಲ, ಕೆಳಗಿನ ಸ್ವರದಿಂದ ಮೇಲಕ್ಕೆ ಎಲ್ಲೂ ಕಡಿಯದೆ ಹೋಗುತ್ತದೆ. ನವರಾತ್ರಿಗೆ ನಿಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೀರಲ್ಲ, ಅರಿಸಿನ ಕುಂಕುಮಕ್ಕೆ ನಿಮ್ಮ ತಾಯಿಯಿಂದ ಅತ್ತೆಯವರಿಗೆ ಹೇಳಿಕಳಿಸು. ಲೌಡ್‌ಸ್ಪೀಕರನ್ನು ನೆಲದ ಮೇಲೆ ಇಡಬೇಡ, ನೆಲ ನಡುಗಿದರೆ ಲೆಕ್ಕ ತಪ್ಪುತ್ತದೆ. ಹಗ್ಗದಲ್ಲಿ ತೂಗುಹಾಕಲು ನಿಮ್ಮಣ್ಣನಿಗೆ ಹೇಳು, ಮಗುವಿನ ಬೆನ್ನ ಕಡೆಗೆ.

ಗಿರಿಜಾ


ಚಾಮರಾಜಪೇಟೆ,
8 ಅಕ್ಟೋಬರ್ 1954

ಕೋಕಿಲಾ,

ನಿಮ್ಮ ಮನೆಯಿಂದ ಬಂದ ಮೇಲೆ ಅತ್ತೆಯವರು ಬೀದಿಯವರಿಗೆಲ್ಲ ಹೇಳಿದ್ದಾಯಿತು. "ವೈಯಾಲಿಕಾವಲಿನಲ್ಲಿ ಅದೇನೋ ಊಳಿಡೋ ಪೆಟ್ಟಿಗೆ, ನಮ್ಮ ಮಂಗಳಾ ಹೆಂಗೆ ತಿರುಗಿ ನೋಡಿದ್ಲು ಗೊತ್ತಾ? ಸುಮ್ಸುಮ್ನೆ ನಮ್ ಗಿರಿಜಾ ಹೊಟ್ಟೆ ಉರಿಸ್ಕೊಂಡ್ಲು."

ತಿರುಗಿದ್ದು ನಿಜ. ನೀನು ದೂರದಲ್ಲಿ ಬಾಗಿಲ ಹತ್ತಿರ ನಿಂತಿದ್ದೆ. ಪೆಟ್ಟಿಗೆಯಿಂದ ಎಮ್ಮೆ ಗುಟುರು ಹಾಕಿದ ಹಾಗೆ ಕೆಳಗಿನ ಸ್ವರ. ಮಗು ಅತ್ತೆಯವರ ತೊಡೆಯ ಮೇಲೆ ಗೊಂಬೆಗಳ ಕಡೆ ಮುಖ ಮಾಡಿ ಕೊಡುಬಳೆ ಚೀಪುತ್ತಿತ್ತು. ಬಾಯಿಂದ ಕೊಡುಬಳೆ ತೆಗೆದು ತಿರುಗಿತು. ಅತ್ತೆಯವರು ಅಷ್ಟನ್ನು ನೋಡಿದರು. ಆಮೇಲೆ ನಿಮ್ಮ ತಾಯಿಯ ಜೊತೆ ಮಾತಿಗೆ ತೊಡಗಿದರು.

ಮುಂದಿನದನ್ನು ನಾನು ನೋಡಿದೆ. ನೀನು ಒಂದೊಂದೇ ಹೆಜ್ಜೆ ಸರಳಿನ ಕಡೆಗೆ ಬಂದೆ, ಸ್ವರ ಏರಿತು. ಹಾರ್ಮೋನಿಯಂನ ಮಧ್ಯದ ಷಡ್ಜ ದಾಟುವ ಹೊತ್ತಿಗೆ ಮಗು ಮತ್ತೆ ಕೊಡುಬಳೆಗೆ ಹೋಯಿತು. ನೀನು ಇನ್ನೂ ಹತ್ತಿರ ಬಂದೆ, ನಿಮ್ಮ ತಾಯಿ ಕಿವಿ ಮುಚ್ಚಿಕೊಂಡರು, ಮಗುವಿಗೆ ಅದೇನೂ ಇಲ್ಲ. ನೀನು ಹಿಂದಕ್ಕೆ ಸರಿದೆ, ಸ್ವರ ಇಳಿಯಿತು, ಮಗು ತಿರುಗಿತು. ಪ್ರತಿ ಸಲವೂ ಹೀಗೇ. ನೀನೂ ನೋಡುತ್ತಿದ್ದೆ ಅಂತ ನನಗೆ ಗೊತ್ತು, ಯಾಕೆಂದರೆ ನಿನ್ನ ಅಡವಿನ ಹೆಜ್ಜೆ ತಪ್ಪಿತು.

ಹಾಗಾದರೆ ಮಾವನವರ ದಪ್ಪ ದನಿ ಅವಳಿಗೆ ಇದೆ. ಗಂಟೆ ಇಲ್ಲ. ಅತ್ತೆಯವರದು ಇಲ್ಲ. ನನ್ನದು ಮೊದಲಿಂದಲೂ ಕೀರಲು, ನೀನೇ ನಗುತ್ತಿದ್ದೆ. ಏಳು ತಿಂಗಳಿಂದ ಬಾಯಿ ಆಡಿಸುವ ಒಬ್ಬ ಹೆಂಗಸು ಅವಳನ್ನು ಎತ್ತಿಕೊಂಡು ತಿರುಗುತ್ತಿದ್ದಾಳೆ.

ಪೆಟ್ಟಿಗೆಯ ಬಗ್ಗೆ ಒಂದು ಮಾತು. ಎರಡು ಕಂಪನಗಳಲ್ಲಿ ನೀನು ಹತ್ತಿರ ಬಂದರೂ ಬದಲಾಗದ್ದನ್ನು ಇನ್ನೊಂದರ ಆಚೆ ಪಕ್ಕಕ್ಕೆ ತಿರುಗಿಸಿದರೆ ಎಲ್ಲ ಉಲ್ಟಾ ಆಗುತ್ತದೆ: ದೂರದಲ್ಲಿ ಮೇಲಿನ ಸ್ವರ, ಹತ್ತಿರ ಬಂದರೆ ಇಳಿಯುವ ಸ್ವರ. ನಿಮ್ಮಣ್ಣನಿಗೆ ಒಂದು ತಿರುಪಿನ ಕೆಲಸ. ಸುಮ್ಮನೆ ತೋಚಿತು, ಬರೆದೆ.

ಗಿರಿಜಾ


ವೈಯಾಲಿಕಾವಲ್,
13 ಅಕ್ಟೋಬರ್ 1954

ಗಿರಿಜಾ,

ಒಂದು ತಿರುಪಿನ ಕೆಲಸ ಅಣ್ಣನಿಗೆ. ನನಗೆ? ಹಿಂದೆ ಸರಿದರೆ ಸ್ವರ ಇಳಿಯುತ್ತದೆ ಎಂದು ನನ್ನ ಮೊಣಕಾಲು, ಸೊಂಟ, ಬೆರಳು ಎಲ್ಲ ಕಲಿತು ಕೂತಿವೆ. ಅದನ್ನೆಲ್ಲ ಮರೆಸಿ ಮತ್ತೆ ಕಲಿಸು ಅನ್ನುತ್ತೀಯ. ಆಗುವುದಿಲ್ಲ.

ಇನ್ನೊಂದು ಕೇಳಬೇಕು. ಅಷ್ಟೆಲ್ಲ ನೋಡಿಯೂ ನೀನು ನಿನ್ನ ಅತ್ತೆಯ ಎದುರು ಬಾಯಿ ಬಿಡಲಿಲ್ಲ. ಕುಂಕುಮ ಇಟ್ಟುಕೊಂಡು, ತಾಂಬೂಲ ತೆಗೆದುಕೊಂಡು ಎದ್ದುಹೋದೆ. ಕಾಲೇಜಿನಲ್ಲಿ ನಾವಿಬ್ಬರೂ ಸೇರಿ ಕುಣಿಯಬೇಕಿದ್ದ ದಿನವೂ ನಿಮ್ಮ ಮನೆಯಿಂದ ಆಳಿನ ಕೈಲಿ ಗೆಜ್ಜೆ ವಾಪಸು ಬಂತೇ ಹೊರತು ಒಂದು ಮಾತು ಬರಲಿಲ್ಲ. ಅದನ್ನು ಬಿಡು.

ಹೇಳು ಅವರಿಗೆ.

ಕೋಕಿಲಾ


ಚಾಮರಾಜಪೇಟೆ,
22 ನವೆಂಬರ್ 1954

ಕೋಕಿಲಾ,

ಹೇಳಿದೆ. ದೀಪಾವಳಿ ಕಳೆದ ಮೇಲೆ, ಎಲ್ಲರೂ ಊಟಕ್ಕೆ ಕೂತಾಗ. ಕರ್ಪೂರ, ಗಂಟೆ, ಪೆಟ್ಟಿಗೆ ಎಲ್ಲ ಹೇಳಿದೆ.

ಮಾವನವರು ಕೈ ತೊಳೆಯಲು ಎದ್ದರು. ಅತ್ತೆಯವರು, "ಓದಿದ ಸೊಸೆ ತಂದ್ರೆ ಇದೇ ಆಗೋದು. ಹಾಲು ಕುಡಿಯೋ ಕೂಸನ್ನೂ ಪರೀಕ್ಷೆಗೆ ಕೂರಿಸಿದ್ಲು!" ಎಂದರು. ನಾನು, "ಗಂಟೆ ಬಾರಿಸಿ ನೋಡಿ ಅತ್ತೆ, ಕರ್ಪೂರ ಇಲ್ಲದೆ" ಎಂದೆ. "ಆರತಿ ಇಲ್ದೆ ಗಂಟೆ ಬಾರಿಸೋದು ಯಾವ ಮನೇಲಿ ಕಂಡಿದೀಯ? ಅದೂ ಹೆಣ್ಣುಮಗು ಇರೋ ಮನೇಲಿ" ಎಂದರು. ಅಲ್ಲಿಗೆ ಮುಗಿಯಿತು. ಅವರು ಬಾರಿಸುವುದಿಲ್ಲ, ಆದ್ದರಿಂದ ಅವರಿಗೆ ತಿಳಿಯುವುದೂ ಇಲ್ಲ.

ನಮ್ಮ ಯಜಮಾನರು ಕೋಣೆಗೆ ಬಂದು ಮೆತ್ತಗೆ ಮಾತಾಡಿದರು. "ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಹೇಳು. ನಿದ್ದೆಗೆಟ್ಟೋರಿಗೆ ಇಲ್ಲದ್ದೆಲ್ಲ ಕಾಣುತ್ತೆ." ಮಾರನೆಯ ದಿನ ಸಂಜೆ ಔಷಧದ ಒಂದು ಸೀಸೆ ತಂದರು. ಮಗುವಿಗಲ್ಲ, ನನಗೆ. ಊಟದ ನಂತರ ಎರಡು ಚಮಚ. ಕೆಟ್ಟವರಲ್ಲ, ಕೋಕಿಲಾ. ಇವರ ದನಿ ಮಾವನವರದಕ್ಕಿಂತ ಸ್ವಲ್ಪ ಮೇಲೆ. ಒಂದೊಂದು ಸಲ ಮಗು ತಿರುಗುತ್ತದೆ, ಒಂದೊಂದು ಸಲ ಇಲ್ಲ. ಆದ್ದರಿಂದ ಇವರು ಮಗು ತಿರುಗಿದ್ದನ್ನು ಮಾತ್ರ ಎಣಿಸುತ್ತಾರೆ.

ಔಷಧ ಕುಡಿಯುತ್ತಿದ್ದೇನೆ. ದ್ರಾಕ್ಷಿಯ ರುಚಿ ಇದೆ.

ಮಂಗಳಾ ಈಗ ಅಂಬೆಗಾಲಿಡುತ್ತಾಳೆ. ಹೊಸ್ತಿಲ ಹತ್ತಿರ ಹೋದರೆ ನಾನು ಕೂಗುವುದಿಲ್ಲ, ಓಡಿಹೋಗಿ ಹಿಡಿಯುತ್ತೇನೆ. ಅದಕ್ಕೂ ನಗುತ್ತಾರೆ.

ಗಿರಿಜಾ


ವೈಯಾಲಿಕಾವಲ್,
5 ಜನವರಿ 1955

ಗಿರಿಜಾ,

ಇದೇ ತಿಂಗಳು ಇಪ್ಪತ್ಮೂರನೇ ತಾರೀಖು ಭಾನುವಾರ ಸಂಜೆ ಕಾರ್ಯಕ್ರಮ. ನಿನ್ನ ಯಜಮಾನರಿಗೆ ಬೇರೆ ಲಕೋಟೆಯಲ್ಲಿ ಕರೆಯೋಲೆ ಕಳಿಸಿದ್ದೇನೆ, ಅಂಗಡಿಯ ವಿಳಾಸಕ್ಕೆ. ಕರೆಯೋಲೆ ಕಂಡರೆ ಬರಲೇಬೇಕು ಅನ್ನುವ ಜಾತಿ ನಿಮ್ಮ ಅಂಗಡಿಯವರದು.

ಪೆಟ್ಟಿಗೆಯ ಆ ತಿರುಪು ತಿರುಗಿಸಿದ್ದೇನೆ. ನಿನಗೋಸ್ಕರ ಅಲ್ಲ. ನಾನು ಹತ್ತಿರ ಬಂದಾಗಲೆಲ್ಲ ಅದು ಕಿರುಚುತ್ತಿತ್ತು, ಕಿಟಕಿಯಲ್ಲಿ ಇಣುಕುವ ಹುಡುಗರು ನಗುತ್ತಿದ್ದರು. ಈಗ ಹತ್ತಿರ ಬಂದರೆ ತುಂಬಿಕೊಂಡು ಇಳಿಯುತ್ತದೆ. ಎರಡು ತಿಂಗಳು ಒದ್ದಾಡಿದೆ. ಮೈ ಒಂದು ಹೇಳುತ್ತಿತ್ತು, ಕಿವಿ ಒಂದು ಕೇಳುತ್ತಿತ್ತು. ಅಣ್ಣನ ಮೇಲೆ ಸಿಟ್ಟಾಗಿ ಒಂದು ದಿನ ಊಟ ಬಿಟ್ಟೆ. ಈಗ ಬಂದಿದೆ.

ಲೌಡ್‌ಸ್ಪೀಕರನ್ನು ಹಾಲ್‌ನ ಹಿಂಬದಿಯಲ್ಲಿ ತೂಗುಹಾಕುತ್ತೇವೆ. ಹಿಂದಿನ ಸಾಲಿನಲ್ಲಿ ಕೂರಿ.

ಕೋಕಿಲಾ


ಚಾಮರಾಜಪೇಟೆ,
2 ಫೆಬ್ರವರಿ 1955

ಕೋಕಿಲಾ,

ಆ ದಿನ ನಿನ್ನನ್ನು ಮಾತಾಡಿಸದೆ ಬಂದುಬಿಟ್ಟೆ. ಕೋಪಿಸಿಕೊಂಡಿರಬೇಕು. ನಡೆದದ್ದನ್ನು ಓದು, ಆಮೇಲೆ ಕೋಪ ಉಳಿದರೆ ಉಳಿಯಲಿ.

ಮಗುವನ್ನು ಇವರ ತೊಡೆಯ ಮೇಲೆ, ಲೌಡ್‌ಸ್ಪೀಕರಿಗೆ ಬೆನ್ನು ಮಾಡಿ ಕೂರಿಸಿದೆ. ಒಂದೇ ಮಾತು ಹೇಳಿದೆ: "ತಿರುಗಿದ್ದನ್ನ ನೋಡಬೇಡಿ. ತಿರುಗದೇ ಇದ್ದಾಗ ನೋಡಿ." ಇವರು ನಕ್ಕು "ಆಯ್ತು" ಎಂದರು.

ನೀನು ವೇದಿಕೆಯ ಮೂಲೆಯಲ್ಲಿ ಬಿಳಿ ಹತ್ತಿ ಸೀರೆಯಲ್ಲಿ ನಿಂತೆ. ಮುಂದಿನ ಸಾಲಿನ ಹೆಂಗಸರು, "ಒಡವೆ ಎಲ್ಲೇ?" ಎಂದು ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಕೈ ಅಲುಗಿತು, ಸೊಳ್ಳೆಯಷ್ಟು ಸಣ್ಣ ಸ್ವರ ಹಿಂದಿನಿಂದ ಬಂತು. ಜನ ಎಲ್ಲ ತಿರುಗಿ ಲೌಡ್‌ಸ್ಪೀಕರನ್ನು ನೋಡಿದರು. ಮಂಗಳಾ ಇವರ ಕೋಟಿನ ತೋಳಿನ ಗುಂಡಿ ಕೀಳುತ್ತಿದ್ದಳು. ಇವರು ಸುತ್ತ ನೋಡಿದರು. ಹಾಲ್‌ನಲ್ಲಿ ತಿರುಗದೇ ಇದ್ದದ್ದು ಅವಳ ತಲೆ ಒಂದೇ. ಇವರ ನಗು ನಿಂತಿತು.

ನೀನು ಮುಂದೆ ಬಂದೆ. ಕಾಲು ಸರಳಿನ ಕಡೆ ಜಾರಿ, ತೋಳು ಒಳಗೆ ಮಡಿಸಿಕೊಳ್ಳುತ್ತ ಬಂದ ಹಾಗೆಲ್ಲ ಸ್ವರ ಇಳಿಯಿತು. ಅದು ಎಲ್ಲೋ ಒಂದು ಜಾಗಕ್ಕೆ ಬಂದಾಗ ಮಗುವಿನ ಕೈ ಗುಂಡಿಯ ಮೇಲೆ ನಿಂತಿತು. ತಲೆ ಎತ್ತಿತು. ತಿರುಗಿತು. ನೀನು ದೂರ ಸರಿದೆ, ಗುಂಡಿಗೆ ವಾಪಸು. ಹತ್ತಿರ ಬಂದೆ, ತಿರುಗಿತು. ಇವರು ಕೊನೆಗೆ ನನ್ನ ಕಡೆ ನೋಡದೆ, "ಇನ್ನೊಂದ್ಸಲ ದೂರ ಹೋಗ್ಲಿ" ಎಂದರು, ನೀನು ಕೇಳಿಸಿಕೊಳ್ಳುತ್ತೀಯ ಅನ್ನುವ ಹಾಗೆ. ನೀನು ಹೋದೆ. ಇವರು ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ನಾನೂ ಹಿಂದೆ ಹೋದೆ. ಆದ್ದರಿಂದ ನಿನ್ನ ನಾಟ್ಯದ ಕೊನೆ ನಾನು ನೋಡಿಲ್ಲ. ಜನ ಚಪ್ಪಾಳೆ ತಟ್ಟಿದ್ದು ರಸ್ತೆಗೆ ಕೇಳಿಸಿತು. ಇವರು ಕಂಬಕ್ಕೆ ಒರಗಿ ನಿಂತು, "ನಾನು ನಿನಗೆ ಸೀಸೆ ತಂದ್ಕೊಟ್ನಲ್ಲೇ" ಎಂದರು.

ನಿನ್ನೆ ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದೆವು. ಅತ್ತೆಯವರು, "ನಾನೂ ಬರ್ತೀನಿ, ಡಾಕ್ಟ್ರು ನಿಮಗೆ ಬೈಯೋದನ್ನ ನನ್ನ ಕಿವಿಯಾರ ಕೇಳ್ಬೇಕು" ಎಂದು ಜಟಕಾ ಹತ್ತಿದರು. ಡಾಕ್ಟರು ಒಂದೊಂದು ಒಂದೊಂದು ಸ್ವರ ಕೊಡುವ ಟ್ಯೂನಿಂಗ್ ಫೋರ್ಕ್ ಬಡಿದು ಹಿಂದಿನಿಂದ ಹಿಡಿದರು. ದಪ್ಪನೆಯದಕ್ಕೆ ತಿರುಗಿದಳು, ಮಿಕ್ಕವಕ್ಕೆ ಇಲ್ಲ. ಮೇಲಿನ ಸ್ವರಗಳು ಹುಟ್ಟಿನಿಂದಲೇ ಇಲ್ಲ, ಬರುವುದೂ ಇಲ್ಲ ಎಂದರು. ಕೆಳಗಿನದು ಉಳಿದಿದೆ, ಇಷ್ಟು ಬೇಗ ಕರೆತಂದದ್ದು ಒಳ್ಳೆಯದಾಯಿತು, ಎದುರಿಗೆ ಕೂತು ತುಟಿ ಕಾಣುವ ಹಾಗೆ, ದನಿ ತಗ್ಗಿಸಿ ಮಾತಾಡಿ, ಕಲಿಯುತ್ತಾಳೆ ಎಂದರು. ಎಷ್ಟು ಕಲಿಯುತ್ತಾಳೆ ಎಂದು ಇವರು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು.

ಬರುವಾಗ ಇವರು ಗಾಡಿಯವನ ಪಕ್ಕ ಕೂತರು. ಒಳಗೆ ನಾವು ಮೂವರು. ಮಗು ನನ್ನ ತೊಡೆಯ ಮೇಲೆ, ಅತ್ತೆಯವರು ಪಕ್ಕದಲ್ಲಿ. ಅರ್ಧ ದಾರಿಗೆ ಬಂದಾಗ ಅವರು ಕೇಳಿದರು:

"ಗಿರಿಜಾ, ಹಂಗಾದ್ರೆ ದಿನಾ ಸ್ನಾನ ಮಾಡ್ಸಿ ಕಾಲ್ಮೇಲೆ ಹಾಕ್ಕೊಂಡು ಆನೆ ಕಥೆ ಹೇಳ್ತಿದ್ನಲ್ಲ, ಅದು?"

ಸುಳ್ಳು ಹೇಳಬಹುದಿತ್ತು. "ಕೇಳಿಸಿರೋಲ್ಲ, ಅತ್ತೆ" ಎಂದೆ.

"ಒಂದ್ ದಿನಾನೂ?"

"ಇಲ್ಲ."

ಅವರು ಸೆರಗನ್ನು ಬಾಯಿಗೆ ಹಿಡಿದುಕೊಂಡು ರಸ್ತೆಯ ಕಡೆ ನೋಡಿದರು. ಆಮೇಲೆ ಓಡುತ್ತಿರುವ ಗಾಡಿಯಲ್ಲೇ ಎದ್ದರು. "ಬೀಳ್ತೀರಿ ಅತ್ತೆ" ಎಂದು ನಾನು ಕೈ ಹಿಡಿಯಹೋದರೆ ಕೊಡವಿ, ನನ್ನ ಪಕ್ಕದಿಂದ ಎದುರಿಗೆ ಬಂದು ಮಗುವಿನ ಮುಖದ ನೇರಕ್ಕೆ ಕೂತರು. ಮಗು ನೋಡಿತು. ಅತ್ತೆಯವರು ಬಲಗೈಯನ್ನು ಮೂಗಿನ ಹತ್ತಿರ ತಂದು ಮುಂದಕ್ಕೆ ಚಾಚಿ, ನಿಧಾನವಾಗಿ ಅಲ್ಲಾಡಿಸಿದರು. ಎರಡೂ ಕೈ ಕಿವಿಯ ಹತ್ತಿರ ಅಗಲ ಮಾಡಿ ಬೀಸಿದರು. ನಾಟ್ಯದವಳಾದ ನೀನು ನೋಡಿದ್ದರೆ ನಗುತ್ತಿದ್ದೆ. ಆನೆಯೋ ಮೊರವೋ ಹೇಳಲು ಬರುವಂತಿರಲಿಲ್ಲ. ಆದರೆ ಬಾಯಿಯೂ ಆಡುತ್ತಿತ್ತು, ಎಷ್ಟು ಆಗುತ್ತದೋ ಅಷ್ಟು ದನಿ ತಗ್ಗಿಸಿ: "ಒಂದಾನೊಂದು ಕಾಡಲ್ಲಿ ಒಂದ್ ಆನೆ ಇತ್ತಂತೆ."

ಮನೆ ತಲುಪಿದರೂ ಕಥೆ ಮುಗಿದಿರಲಿಲ್ಲ. ಗಾಡಿಯವನನ್ನು ನಿಲ್ಲಿಸಿಕೊಂಡು ಮುಗಿಸಿ ಇಳಿದರು.

ನಿನ್ನ
ಗಿರಿಜಾ